ಸಾ ನಾನೆ ಎಂದರೆ ಎಂಟು ಗಂಟೆಯಲ್ಲ: ಮಿಶನ್ ಮುಗಿಸಿ ಹೊರಡುವ ಆರು ವಾರ

ಕೆನ್ಯಾದ ಮಿಶನ್ ಕೆಲಸ ಮುಗಿಸಿ ಊರಿಗೆ ಹೊರಡುವ ತಾರೀಕು ಗೊತ್ತಾದ ಕೂಡಲೇ ಬ್ಯಾಗಿಗೆ ಕೈ ಹಾಕುವವರೇ ಹೆಚ್ಚು. ಎಡವಟ್ಟು ಶುರುವಾಗುವುದೇ ಅಲ್ಲಿಂದ. ಬ್ಯಾಗಿನ ಕೆಲಸ ನಾಲ್ಕು ದಿನದ್ದು. ಆರು ವಾರ ತಿನ್ನುವ ಕೆಲಸ ಬೇರೆ ಉಂಟು. ಎರಡು ಮೂರು ವರ್ಷದಲ್ಲಿ ನಮ್ಮ ಹೆಸರಿಗೆ ಅಂಟಿಕೊಂಡ ಬೀಗದ ಕೈ, ಫೋನ್ ನಂಬರು, ಲೆಕ್ಕದ ಪುಸ್ತಕ, ಪಂಪಿನ ಸ್ಪ್ಯಾನರು, ಬಾಯಿಮಾತಿನಲ್ಲಿ ಕೊಟ್ಟ ಭರವಸೆ, ಎಲ್ಲವನ್ನೂ ಒಂದೊಂದಾಗಿ ಬಿಡಿಸಬೇಕು. ಯಕ್ಷಗಾನದ ಆಟ ಮುಗಿದ ಮೇಲೆ ಚೌಕಿಯಲ್ಲಿ, ಅಂದರೆ ವೇಷದ ಕೋಣೆಯಲ್ಲಿ, ಬಣ್ಣ ತೆಗೆಯುವುದನ್ನು ಕುಂಬಳೆ ಕಡೆಯವರು ನೋಡಿರುತ್ತಾರೆ. ತೆಂಗಿನೆಣ್ಣೆ ಹಚ್ಚಿ ಸಾವಕಾಶ ತಿಕ್ಕಬೇಕು, ಅವಸರ ಮಾಡಿದರೆ ಚರ್ಮ ಉರಿಯುತ್ತದೆ. ಇದೂ ಹಾಗೆಯೇ.

ಕಾಸರಗೋಡಿನ ಬೇಳ, ಕಯ್ಯಾರು, ಮಂಜೇಶ್ವರ ಕಡೆಯಿಂದ ಕಥೋಲಿಕ ಸನ್ಯಾಸಿ ಸಭೆ ಸೇರಿದ ಹುಡುಗರು ಗುರುದೀಕ್ಷೆಗೆ (ಫಾದರ್ ಆಗುವುದಕ್ಕೆ) ಮೊದಲು ಹೊರದೇಶದ ಧರ್ಮಕೇಂದ್ರದಲ್ಲಿ ಒಂದಷ್ಟು ವರ್ಷ ಬ್ರದರ್ ಆಗಿ ದುಡಿಯುವುದುಂಟು. ರೀಜೆನ್ಸಿ ಎನ್ನುತ್ತಾರೆ. (ನಮ್ಮ ಇಗರ್ಜಿಗಳ, ಅಂದರೆ ಚರ್ಚುಗಳ, ಸ್ಥಿತಿಯೂ ವಿಚಿತ್ರವೇ. 1956ರಿಂದ ಊರು ಕೇರಳದ್ದು, ಬಿಷಪ್ ಮಂಗಳೂರಿನವರು. ಎರಡು ಮನೆಯ ಅನ್ನ ಉಣ್ಣುವುದು ನಮಗೆ ಹೊಸತಲ್ಲ.) ಇಲ್ಲಿ ಬರೆದಿರುವುದು ಪಶ್ಚಿಮ ಕೆನ್ಯಾದ, ವಿಕ್ಟೋರಿಯಾ ಸರೋವರದ ದಂಡೆಯ ಲುವೊ ಭಾಷೆಯ ಊರುಗಳ ಲೆಕ್ಕದಲ್ಲಿ. ಡಿಸೆಂಬರ್ ಮೊದಲ ವಾರ ಹೊರಟು ಕ್ರಿಸ್‌ಮಸ್ಸಿನ ಕುಸ್ವಾರ್ ತಿಂಡಿಯ ಹೊತ್ತಿಗೆ ಮನೆ ಸೇರುವುದು ಎಂದಿಟ್ಟುಕೊಳ್ಳಿ.

ಮೊದಲು ಕಾಗದ. ಧಾರ್ಮಿಕ ಮತ್ತು ಸೇವಾ ಕೆಲಸಕ್ಕೆ ಕೆನ್ಯಾ ಕೊಡುವುದು 'ಐ' ವರ್ಗದ ಪರ್ಮಿಟ್. ಅದು ಮುಗಿಯುವ ತಾರೀಕನ್ನೂ ವಿಮಾನದ ತಾರೀಕನ್ನೂ ಅಕ್ಕಪಕ್ಕ ಬರೆದು ನೋಡಿ. ಟಿಕೆಟ್ ಅಗ್ಗವಾಯಿತೆಂದು ಎರಡು ವಾರ ಮುಂದೆ ಹಾಕಿ, ನಡುವೆ ಪರ್ಮಿಟ್ ಸತ್ತುಹೋದರೆ ಆ ಎರಡು ವಾರಕ್ಕೆ ಮತ್ತೆ ಇಮಿಗ್ರೇಶನ್ ಬಾಗಿಲು. ಎರಡನೆಯದು ಪೊಲೀಸ್ ಸನ್ನಡತೆ ಪತ್ರ. ಹೊರಡಲು ಇದು ಬೇಕಿಲ್ಲ, ಹಾಗಾಗಿಯೇ ಎಲ್ಲರೂ ಬಿಟ್ಟುಬಿಡುತ್ತಾರೆ. ಮುಂದೆ ಬೇರೆ ದೇಶದ ವೀಸಾಕ್ಕೆ ಹೋದಾಗ ಹಿಂದೆ ವರ್ಷಗಟ್ಟಲೆ ಇದ್ದ ದೇಶದ ಪತ್ರ ತನ್ನಿ ಎನ್ನುತ್ತಾರೆ. ಅರ್ಜಿ ಕೆನ್ಯಾ ಸರಕಾರದ ಇ-ಸಿಟಿಜನ್ ತಾಣದಲ್ಲಿ ಹಾಕಿದರೂ ಬೆರಳಚ್ಚು ಕೊಡಲು ನಾವೇ ಹೋಗಬೇಕು. ಅಲ್ಲಿರುವಾಗ ಇದು ಅರ್ಧ ದಿನದ ಕೆಲಸ, ಊರಿಗೆ ಬಂದು ಬದಿಯಡ್ಕದಲ್ಲಿ ಕೂತು ಮಾಡಿಸಲು ಹೊರಟರೆ ತಿಂಗಳುಗಳ ಕೆಲಸ.

ಮೂರನೆಯದು ಹಳದಿ ಪುಸ್ತಕ, ಅಂದರೆ ಹಳದಿ ಜ್ವರದ ಲಸಿಕೆಯ ಕಾರ್ಡು. ಹೋಗುವಾಗ ಚುಚ್ಚಿಸಿಕೊಂಡು ಎಲ್ಲೋ ಹಾಕಿರುತ್ತೇವೆ. ಕೆನ್ಯಾದಿಂದ ಬರುವವರಿಗೆ ಭಾರತದ ವಿಮಾನ ನಿಲ್ದಾಣದಲ್ಲಿ ಅದನ್ನು ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕ ಇಡಬಹುದು. 2016ರ ಜುಲೈಯಿಂದ ಒಂದು ಚುಚ್ಚು ಜೀವಮಾನಕ್ಕೆ ಸಾಕು, ಹಳೆಯ ಕಾರ್ಡಿನಲ್ಲಿ ಹತ್ತು ವರ್ಷ ಎಂದಿದ್ದರೂ ಹೆದರಬೇಕಿಲ್ಲ. ಆದರೆ ಕಾರ್ಡು ಕಳೆದು ಹೊಸದಾಗಿ ಚುಚ್ಚಿಸಿಕೊಂಡರೆ ಅದಕ್ಕೆ ಬೆಲೆ ಬರುವುದು ಹತ್ತು ದಿನ ಕಳೆದ ಮೇಲೆ. ಹೊರಡುವ ವಾರದಲ್ಲಿ ಹುಡುಕಲು ಶುರು ಮಾಡಿದವನಿಗೆ ಈ ಹತ್ತು ದಿನ ಸಿಗುವುದಿಲ್ಲ. ಪಾಸ್‌ಪೋರ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಇವತ್ತೇ ಜೋಡಿಸಿಡಿ.

ನಾಲ್ಕನೆಯದು ಊರಿನ ಸಿಮ್ಮು. 90 ದಿನ ಬಳಸದ ಸಿಮ್ಮನ್ನು ಕಂಪೆನಿ ಮುಚ್ಚಬಹುದು. ಆಮೇಲೆ ಆ ನಂಬರು ಇನ್ಯಾರದೋ ಕೈಗೆ. ಬ್ಯಾಂಕಿನ ಒಟಿಪಿ, ಆಧಾರಿನ ಒಟಿಪಿ, ರೈಲ್ವೆಯ ಒಟಿಪಿ ಎಲ್ಲ ಅದಕ್ಕೇ ಹೋಗುವುದು. ಹೋಗುವ ಮುಂಚೆ ತಂಗಿಯ ಫೋನಿಗೋ ಅಣ್ಣನ ಫೋನಿಗೋ ಎರಡನೇ ಸಿಮ್ ಆಗಿ ಹಾಕಿ, ತಿಂಗಳಿಗೊಂದು ಸಲ ಕರೆ ಮಾಡಲು ಹೇಳಿದವರು ಬಚಾವ್. ಉಳಿದವರು ಮುಂಬಯಿಯಿಂದ ಊರಿನ ರೈಲು ಟಿಕೆಟನ್ನು ಮನೆಯವರಿಂದಲೇ ಮಾಡಿಸಬೇಕು. ರಿಸರ್ವೇಶನ್ ತೆರೆಯುವುದು 60 ದಿನ ಮೊದಲು. ಆರು ವಾರ ಉಳಿದಿದೆ ಎನ್ನುವಾಗಲೇ ಡಿಸೆಂಬರಿನ ಕೊಂಕಣ ರೈಲು ವೇಟಿಂಗ್ ಲಿಸ್ಟಿಗೆ ಇಳಿದಿರುತ್ತದೆ.

ಹಣದ ವಿಷಯ ಕಾಗದಕ್ಕಿಂತ ಸಿಕ್ಕು. ಕೆನ್ಯಾದಲ್ಲಿ 2007ರಿಂದ ಎಂ-ಪೆಸಾ ಇದೆ. ಫೋನ್ ನಂಬರೇ ಅಲ್ಲಿ ಹಣದ ಚೀಲ. ಯುವಕರ ಪ್ರವಾಸಕ್ಕೆ ಚಂದಾ, ಗಾಯನ ಮಂಡಳಿಯ ಬಟ್ಟೆಗೆ ದುಡ್ಡು, ಇಗರ್ಜಿಯ ತಗಡಿಗೆ ಒಂದಿಷ್ಟು, ಎಲ್ಲವೂ "ಬ್ರದರ್ ನಂಬರಿಗೆ ಕಳಿಸಿ" ಎಂದು ಹೇಳಿ ಹೇಳಿ ಮೂರು ವರ್ಷದಲ್ಲಿ ಹತ್ತು ತರದ ದುಡ್ಡು ಒಂದೇ ಚೀಲದಲ್ಲಿ ಕಲಸಿ ಕೂತಿರುತ್ತದೆ. ಅಲ್ಲಿನ 'ಚಾಮಾ' ಎಂದರೆ ನಮ್ಮ ಕುರಿ (ಚೀಟಿ ಫಂಡು) ಇದ್ದ ಹಾಗೆ, ಸರದಿಯ ಮೇಲೆ ಒಬ್ಬೊಬ್ಬರಿಗೆ ಹಣ. ಅದನ್ನೂ ನಂಬಿಕೆಯ ಮೇಲೆ ಬ್ರದರ್ ಹತ್ತಿರ ಇಡುವವರಿದ್ದಾರೆ. ಸಿಮ್ಮು ನಮ್ಮ ಪಾಸ್‌ಪೋರ್ಟಿನ ಮೇಲೋ ವಿದೇಶಿ ಗುರುತು ಚೀಟಿಯ ಮೇಲೋ ನೋಂದಾಯಿಸಿದ್ದಾಗಿರುವುದರಿಂದ ಫೋನನ್ನು ಊರಿನ ಉಪದೇಶಿಯ (ಧರ್ಮಪಾಠ ಹೇಳುವವನ) ಕೈಗಿಟ್ಟು ಬರುವುದು ಪರಿಹಾರವಾಗುವುದಿಲ್ಲ. ಪಿನ್ ಮರೆತರೆ ತಿದ್ದಿಸಲು ನಾವೇ ಬೇಕು.

ಹಾಗಾಗಿ ಐದು ವಾರ ಇರುವಾಗಲೇ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಹೇಳಿಬಿಡಬೇಕು, ಇಂದಿನಿಂದ ಈ ನಂಬರಿಗೆ ಹಣ ಬೇಡ, ಧರ್ಮಕೇಂದ್ರದ ಪೇಬಿಲ್ ನಂಬರಿಗೇ (ಸಂಸ್ಥೆಯ ಹೆಸರಿನ ಎಂ-ಪೆಸಾ ಖಾತೆಗೆ) ಹಾಕಿ ಎಂದು. ಒಂದು ಸಲ ಹೇಳಿದರೆ ಸಾಲದು, ಮೂರು ಭಾನುವಾರ ಹೇಳಬೇಕು. ಆಮೇಲೆ ಆರು ತಿಂಗಳ ಸ್ಟೇಟ್‌ಮೆಂಟ್ ತೆಗೆದು ಪ್ರತಿಯೊಂದು ಸಾಲಿನ ಎದುರು ಯಾರದು, ಯಾವುದಕ್ಕೆ ಎಂದು ಬರೆದು, ಗುಂಪಿನ ಖಜಾಂಚಿಯ ಎದುರೇ ದಾಟಿಸಿ ಸಹಿ ತಗೊಳ್ಳಬೇಕು. ಲೆಕ್ಕದ ಪುಸ್ತಕದಲ್ಲಿ ಬಂದದ್ದು, ಹೋದದ್ದು ಎಂಬ ಎರಡು ಅಂಕಣ ಎಲ್ಲರೂ ಬರೆಯುತ್ತಾರೆ. ಕೊಡುತ್ತೇನೆಂದು ಒಪ್ಪಿಕೊಂಡದ್ದು ಎಂಬ ಮೂರನೆಯದನ್ನು ಬರೆಯುವವರು ಕಡಿಮೆ, ಮುಂದೆ ಬರುವ ಬ್ರದರ್ ಬೈಸಿಕೊಳ್ಳುವುದು ಅದಕ್ಕೇ. ಇನ್ನೊಂದು ಮಾತು. ಅಂಗಡಿಯ ಮಿಶಿನ್ ರಸೀದಿ ಬಿಸಿಲಿಗೆ, ಸೆಖೆಗೆ ಬೆಳ್ಳಗಾಗಿ ಒಂದಕ್ಷರ ಉಳಿಯುವುದಿಲ್ಲ. ಬಂದ ದಿನವೇ ಜೆರಾಕ್ಸ್ ಮಾಡಿಸಿ ಮೂಲದ ಹಿಂದೆ ಪಿನ್ ಹಾಕಿಟ್ಟರೆ ಕೊನೆಯ ವಾರ ಸುಖ.

ಶಾಲೆಯ ಫೀಸಿನ ಪಟ್ಟಿಯೂ ಇದರ ಜೊತೆಗೇ ಬರುತ್ತದೆ. ಅಲ್ಲಿ ಶಾಲೆ ಶುರುವಾಗುವುದು ಜನವರಿಗೆ, ವರ್ಷಕ್ಕೆ ಮೂರು ಟರ್ಮು. ನಾಲ್ಕನೇ ಫಾರ್ಮಿನವರ (ಪ್ರೌಢಶಾಲೆಯ ಕೊನೆಯ ವರ್ಷದವರ) ಪರೀಕ್ಷೆ ನವೆಂಬರಿನಲ್ಲಿ ಮುಗಿಯುತ್ತಿರುತ್ತದೆ. ನಾವು ಹೊರಡುವುದು ಸರಿಯಾಗಿ ಹೊಸ ಫೀಸು ಬೀಳುವ ಮುಂಚೆ. ಯಾರಿಗೆ ಯಾವ ಟರ್ಮಿನವರೆಗೆ ಕಟ್ಟಿದೆ ಎಂದು ಶಾಲೆಯ ಖಾತೆಗೇ ಕಟ್ಟಿದ ಚೀಟಿ ಸಮೇತ ಬರೆದಿಡಿ. ಅಪ್ಪನ ಕೈಗೆ ನಗದು ಕೊಟ್ಟು ಲೆಕ್ಕ ಮುಗಿಸುವುದು ಬೇಡ. ಆ ಹಣ ಜನವರಿಯವರೆಗೆ ಉಳಿಯುವುದಿಲ್ಲ. ಅದು ಅವರ ಸಣ್ಣತನವಲ್ಲ, ನಡುವೆ ಕ್ರಿಸ್‌ಮಸ್, ಕಾಯಿಲೆ ಎಲ್ಲ ಬರುತ್ತವೆ.

ರಿಜಿಸ್ಟರಿನ ಕೆಲಸ ನೋಡಲು ಸಣ್ಣದು. ಜ್ಞಾನಸ್ನಾನ ಆದ ಕೂಡಲೇ ದಾಖಲಿಸಬೇಕೆಂದು ಧರ್ಮಸಭೆಯ ಕಾನೂನೇ ಇದೆ, ಆದರೆ ಹೊರವಲಯದ ಕೇಂದ್ರಗಳಲ್ಲಿ ಆದದ್ದು ಚೀಟಿಯಲ್ಲಿ ಬರೆದು ಬ್ರದರ್‌ನ ಡೈರಿಯೊಳಗೆ ಸೇರಿರುತ್ತದೆ. ಡೈರಿ ಬ್ಯಾಗಿಗೆ ಹೋಯಿತೆಂದರೆ ಆ ಮಕ್ಕಳು ದಾಖಲೆಯಲ್ಲಿ ಹುಟ್ಟಿಯೇ ಇಲ್ಲ. ಲುವೊ ಹೆಸರಿನಲ್ಲಿ ಒಂದಕ್ಷರಕ್ಕೆ ಪ್ರಾಣ ಉಂಟು. ಒಟಿಯೆನೊ ಎಂದರೆ ರಾತ್ರಿ ಹುಟ್ಟಿದ ಗಂಡು, ಅಟಿಯೆನೊ ಎಂದರೆ ರಾತ್ರಿ ಹುಟ್ಟಿದ ಹೆಣ್ಣು. ಒಚಿಯೆಂಗ್ ಮತ್ತು ಅಚಿಯೆಂಗ್ ಹಗಲಿನವರು. ಅವಸರದಲ್ಲಿ 'ಎ' ಮತ್ತು 'ಓ' ಒಂದೇ ತರ ಕಂಡರೆ ಹತ್ತು ವರ್ಷದ ಮೇಲೆ ಪರೀಕ್ಷೆಯ ನೋಂದಣಿಯಲ್ಲಿ ಹುಡುಗಿ ಹುಡುಗನಾಗುತ್ತಾಳೆ. ತಪ್ಪಾದರೆ ಬಿಳಿ ಶಾಯಿ ಬಳಿಯಬೇಡಿ. ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಅಂಚಿನಲ್ಲಿ ಫಾದರ್ ಸಹಿ ಹಾಕಿಸಿ. ಉಪದೇಶಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದರೆ ತಪ್ಪು ಅರ್ಧ ಇಳಿಯುತ್ತದೆ, ಅವರಿಗೆ ಮಗುವಿನ ಅಜ್ಜಿಯ ಹೆಸರೂ ಗೊತ್ತು.

ಈಗ ಪಂಪು. ದಂಡೆಯ ಊರಾದರೂ ಸರೋವರದ ನೀರು ಕುಡಿಯುವಂತಿಲ್ಲ, ಹಾಗಾಗಿ ಬೋರಿಗೆ ಕೈಪಂಪು. ಸಾಮಾನ್ಯವಾಗಿ ಕಾಣುವುದು ಎರಡು ಜಾತಿ, ಇಂಡಿಯಾ ಮಾರ್ಕ್ 2 ಮತ್ತು ಆಫ್ರಿಡೆವ್. ಮಾರ್ಕ್ 2ರ ಮೂಲ ನಮ್ಮ ನೆರೆಯ ಸೋಲಾಪುರದ್ದು ಎಂದರೆ ಅಲ್ಲಿಯ ಜನ ನಗುತ್ತಾರೆ. ಸೋಲಾಪುರದ ಮಿಶನರಿ ಕಾರ್ಯಾಗಾರದಲ್ಲಿ ಕಟ್ಟಿದ ಪಂಪನ್ನೇ 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ತಿದ್ದಿ ಮಾರ್ಕ್ 2 ಮಾಡಿದ್ದು. ಗಟ್ಟಿ ಪಂಪು, ಆದರೆ ಕೆಟ್ಟರೆ ಕಷ್ಟ. ಒಳಗಿನ ಪಿಸ್ಟನ್ ತೆಗೆಯಲು 3 ಮೀಟರಿನ ಕಬ್ಬಿಣದ ಪೈಪುಗಳನ್ನು ಒಂದೊಂದಾಗಿ ಮೇಲೆತ್ತಬೇಕು. ಮೂರು ಕಾಲಿನ ಕಂಬ, ಪೈಪು ಹಿಡಿಯುವ ಕ್ಲ್ಯಾಂಪು, ನಾಲ್ಕು ಜನ ಬೇಕು. ನೀರು ಸ್ವಲ್ಪ ಹುಳಿಯಿದ್ದರೆ ಪೈಪು ತುಕ್ಕು ತಿಂದು ನೀರು ಕೆಂಪಾಗುತ್ತದೆ, ಹೆಂಗಸರು ಬಟ್ಟೆ ಒಗೆಯಲು ಒಪ್ಪುವುದಿಲ್ಲ. ಆಫ್ರಿಡೆವ್‌ನಲ್ಲಿ ಪೈಪು ಪ್ಲಾಸ್ಟಿಕ್. ಪಿಸ್ಟನ್ ಪೈಪಿನೊಳಗಿಂದಲೇ ಮೇಲೆ ಬರುತ್ತದೆ, ಒಂದೇ ಸ್ಪ್ಯಾನರು ಸಾಕು. ಊರವರೇ ರಿಪೇರಿ ಮಾಡಲಿ ಎಂದೇ ಮಾಡಿದ ವಿನ್ಯಾಸ.

ಆ ಒಂದೇ ಸ್ಪ್ಯಾನರು ಬ್ರದರ್‌ನ ಕೋಣೆಯ ಕಪಾಟಿನಲ್ಲಿದ್ದರೆ ವಿನ್ಯಾಸಕ್ಕೆ ಏನು ಬೆಲೆ? ಬಿಟ್ಟುಬಂದ ಮೇಲೆ ಪಂಪು ನಿಂತಿದೆ ಎಂದು ಬರುವ ಸುದ್ದಿಯ ಹಿಂದೆ ಹೆಚ್ಚಾಗಿ ಇರುವುದು ಇಂಥ ಕಾರಣ. ಪಂಪು ಹಾಳಾಗಿರುವುದಿಲ್ಲ, ನೂರಿನ್ನೂರು ಶಿಲ್ಲಿಂಗಿನ ರಬ್ಬರು ಸವೆದಿರುತ್ತದೆ. ಆದ್ದರಿಂದ ನಾಲ್ಕನೇ ವಾರದಲ್ಲಿ ನಾವು ಕೈ ಕಟ್ಟಿ ನಿಂತು, ನೀರಿನ ಸಮಿತಿಯ ಇಬ್ಬರು ಹೆಂಗಸರು ಮತ್ತು ಇಬ್ಬರು ಗಂಡಸರಿಂದ ಪಂಪನ್ನು ಪೂರ್ತಿ ಬಿಚ್ಚಿಸಿ ಪೂರ್ತಿ ಜೋಡಣೆ ಮಾಡಿಸಬೇಕು. ಬಾಯಿ ಹಾಕಬಾರದು, ಕೈಯಂತೂ ಹಾಕಲೇಬಾರದು. ಹಿಡಿಯ ಬುಡದ ಬುಶ್ ಬೇರಿಂಗನ್ನೂ ಪಿಸ್ಟನ್ನಿನ ಯು-ಸೀಲನ್ನೂ ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು, ಆ ದಿನವೇ ಬದಲಿಸಿಬಿಡಿ. ಎರಡು ಜೊತೆ ಹೆಚ್ಚುವರಿ ಡಬ್ಬಿಯಲ್ಲಿ ಹಾಕಿ ಸಮಿತಿಗೆ ಕೊಡಿ.

ರೋಗ ಗುರುತಿಸುವುದನ್ನೂ ಕಲಿಸಬೇಕು. ಬೆಳಿಗ್ಗೆ ಹತ್ತಿಪ್ಪತ್ತು ಸಲ ಒತ್ತಿದ ಮೇಲೆ ನೀರು ಬಂದು, ಆಮೇಲೆ ಸರಿಯಾಗಿ ಬಂದರೆ ಕೆಳಗಿನ ಫುಟ್ ವಾಲ್ವು ಸೋರುತ್ತಿದೆ. ಎಷ್ಟು ಒತ್ತಿದರೂ ಸಣ್ಣ ಧಾರೆಯೇ ಆದರೆ ಸೀಲು ಸವೆದಿದೆ. ಹಿಡಿ ಅಡ್ಡಡ್ಡ ಅಲ್ಲಾಡಿದರೆ ಬುಶ್ಶು. ಹಿಡಿ ಹಗುರವಾಗಿ ಗಾಳಿಯಲ್ಲಿ ಆಡಿದಂತಾದರೆ ಸರಳು ಕಳಚಿದೆ. 20 ಲೀಟರಿನ ಹಳದಿ ಕ್ಯಾನು ತುಂಬಲು ಇವತ್ತು ಎಷ್ಟು ಸಲ ಒತ್ತಬೇಕಾಯಿತು ಎಂದು ಪಂಪಿನ ಕಟ್ಟೆಯ ಮೇಲೆ ಪೇಂಟಿನಲ್ಲಿ ಬರೆದಿಡಿ. ಮುಂದೆ ಆ ಸಂಖ್ಯೆ ಏರತೊಡಗಿದರೆ ಪಂಪು ನಿಲ್ಲುವ ಮುಂಚೆಯೇ ಜನರಿಗೆ ಗೊತ್ತಾಗುತ್ತದೆ. ನಮ್ಮ ಹೆಸರು ಬರೆಸುವ ಕಲ್ಲಿಗಿಂತ ಈ ಅಂಕೆ ಉಪಕಾರಿ.

ಹಸ್ತಾಂತರದ ನೋಟು ಎಂದರೆ ಮೇಲಿನವರಿಗೆ ಕಳಿಸುವ ವರದಿಯಲ್ಲ. ಬರುವವನಿಗೆ ಮೊದಲ ತಿಂಗಳು ಬೇಕಾಗುವುದು ಯಾವ ಬೀಗಕ್ಕೆ ಯಾವ ಕೈ, ಮಳೆ ಬಂದರೆ ಯಾವ ದಾರಿ ಮುಚ್ಚುತ್ತದೆ, ಮಳೆನೀರಿನ ಟ್ಯಾಂಕಿಗೆ ಮೊದಲ ಮಳೆಯ ನೀರು ಬಿಡದಂತೆ ಪೈಪು ತಿರುಗಿಸುವುದು ಎಲ್ಲಿ, ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ. ನಾಲ್ಕು ಪುಟ ಸಾಕು. ಅದರ ಜೊತೆ ಪದಗಳ ನೋಟ್‌ಬುಕ್ಕಿನ ಜೆರಾಕ್ಸ್ ಬಿಟ್ಟುಬನ್ನಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಕಿವಿಗೆ ಬಿದ್ದ ಮಾತು ಬರೆದಿಟ್ಟುಕೊಳ್ಳುವ ಅಭ್ಯಾಸದವರು. 1894ರ ಕಿಟೆಲ್ ನಿಘಂಟು ಅಂಥ ಅಭ್ಯಾಸದಿಂದ ಬೆಳೆದದ್ದು. ನಮ್ಮದು ಅಷ್ಟು ದೊಡ್ಡದಾಗಬೇಕಿಲ್ಲ. ಲುವೊದಲ್ಲಿ ಹೊಟ್ಟೆನೋವಿಗೆ, ಬಾಣಂತಿಗೆ, ಸಾಲಕ್ಕೆ ಏನೆನ್ನುತ್ತಾರೆ ಎಂದು ತಿಳಿದರೂ ಮುಂದಿನವನಿಗೆ ಆರು ತಿಂಗಳು ಉಳಿಯುತ್ತದೆ. ತುಳು, ಕೊಂಕಣಿ, ಮಲೆಯಾಳ, ಕನ್ನಡ ಒಂದೇ ಬಸ್ಸಿನಲ್ಲಿ ಕೇಳಿ ಬೆಳೆದ ನಮಗೆ ಭಾಷೆ ಬೇಗ ಹತ್ತುತ್ತದೆ. ಬರುವವನಿಗೂ ಹಾಗೆಯೇ ಎಂದುಕೊಳ್ಳಬಾರದು.

ಕೊನೆಯ ಎರಡು ವಾರ ಬೀಳ್ಕೊಡುಗೆಗಳ ಸುಗ್ಗಿ. ಕೆನ್ಯಾದ ಇಗರ್ಜಿಗಳು ನಿಂತಿರುವುದು 'ಜುಮುಯಿಯಾ' ಎಂಬ ನೆರೆಕರೆಯ ಸಣ್ಣ ಸಮುದಾಯಗಳ ಮೇಲೆ. 1970ರ ದಶಕದಲ್ಲಿ ಪೂರ್ವ ಆಫ್ರಿಕದ ಬಿಷಪರು ಇದನ್ನೇ ಬುನಾದಿ ಎಂದು ತೀರ್ಮಾನಿಸಿದರು. ಒಂದು ಧರ್ಮಕೇಂದ್ರದಲ್ಲಿ ಹತ್ತು ಹದಿನೈದು ಜುಮುಯಿಯಾ, ಮೇಲೆ ಹೆಂಗಸರ ಸಂಘ, ಗಂಡಸರ ಸಂಘ, ಯುವಕರು, ಗಾಯನ ಮಂಡಳಿ, ಕುಣಿಯುವ ಮಕ್ಕಳು. ಪ್ರತಿಯೊಂದಕ್ಕೂ ಒಂದು ದಿನ ಕೊಟ್ಟರೆ ತಿಂಗಳು ಮುಗಿಯುತ್ತದೆ, ಹೊಟ್ಟೆಯೂ ಕೆಡುತ್ತದೆ. ಬಡ ಮನೆ ಕೋಳಿ ಕೊಯ್ಯುವುದು ಸಾಲ ಮಾಡಿ ಎಂಬುದನ್ನೂ ನೆನಪಿಡಬೇಕು. ಫಾದರ್ ಮೂಲಕ ಒಂದೇ ದೊಡ್ಡ ದಿನ ಎಂದು ಹೇಳಿಸಿ, ಜುಮುಯಿಯಾಗಳಿಗೆ ಚಾಯ್ ಮತ್ತು ಪ್ರಾರ್ಥನೆಗೆ ಮಾತ್ರ ಹೋಗುವುದು ಒಳ್ಳೆಯದು. ಮುದುಕರ, ರೋಗಿಗಳ ಮನೆಗೆ ಮಾತ್ರ ಬೇರೆಯಾಗಿ ಹೋಗಲೇಬೇಕು. ಅವರು ಮೈದಾನಕ್ಕೆ ಬರಲಾರರು. ದೊಡ್ಡ ದಿನ ಅವರು ಕಾಣದಿದ್ದರೆ ನೆನಪಾಗುವುದು ವಿಮಾನದಲ್ಲಿ.

ಗಂಟೆಯ ಗೊಂದಲ ಮೂರು ವರ್ಷ ಇದ್ದವನನ್ನೂ ಬಿಡುವುದಿಲ್ಲ. ಸ್ವಾಹಿಲಿ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದಾಗ. ಬೆಳಗಿನ ಏಳಕ್ಕೆ 'ಸಾ ಮೋಜಾ', ಒಂದು ಗಂಟೆ. 'ಸಾ ನಾನೆ' ಎಂದರೆ ಎಂಟು, ಗಡಿಯಾರದಲ್ಲಿ ಮಧ್ಯಾಹ್ನ ಎರಡು. ಚೀಟಿಯಲ್ಲಿ ಬರೀ 8 ಎಂದು ಬರೆದರೆ ಅರ್ಧ ಜನ ಬೆಳಿಗ್ಗೆ ಬಂದು ಬಿಸಿಲಲ್ಲಿ ಕೂರುತ್ತಾರೆ, ಅರ್ಧ ಜನ ಎರಡಕ್ಕೆ ಬರುತ್ತಾರೆ. ಇಂಗ್ಲಿಷಿನಲ್ಲೊಂದು, ಸ್ವಾಹಿಲಿಯಲ್ಲೊಂದು ಎಂದು ಎರಡೂ ಬರೆಯಿರಿ. ಮುಗಿಸುವ ಹೊತ್ತು ಮಾತ್ರ ಆರೂವರೆಯೊಳಗೆ ಇರಲಿ. ಭೂಮಧ್ಯರೇಖೆಯ ಬುಡ, ಕತ್ತಲೆ ಪರದೆ ಬಿದ್ದ ಹಾಗೆ ಬೀಳುತ್ತದೆ, ಮಕ್ಕಳು ನಡೆದು ಹೋಗಬೇಕು.

ಉಡುಗೊರೆಯಾಗಿ ಬರುವುದು ಕೋಳಿ, ಆಡು, ಮೊಟ್ಟೆ, ಒಣಗಿಸಿದ ಒಮೆನಾ ಮೀನಿನ ಚೀಲ (ನಮ್ಮ ಬೊಳೆಂಜೀರಿನಂಥ ಸಣ್ಣ ಮೀನು), ಬರಹವಿರುವ ಲೆಸೊ ಬಟ್ಟೆ. ಬೇಡ ಎನ್ನುವುದು ಅವಮಾನ. ಎರಡೂ ಕೈಯಲ್ಲಿ ಹಿಡಿದು 'ಎರೊಕಮಾನೊ', ಲುವೊದಲ್ಲಿ ಉಪಕಾರವಾಯಿತು, ಎನ್ನಬೇಕು. ಜೀವ ಇರುವುದನ್ನೆಲ್ಲ ಅಲ್ಲೇ ಹರಾಜಿಗೆ ಬಿಟ್ಟು ಹಣವನ್ನು ಇಗರ್ಜಿಗೆ ಕೊಡುವುದು ಅಲ್ಲಿ ಎಲ್ಲರೂ ಒಪ್ಪುವ ದಾರಿ. ಲೆಸೊ ಮಾತ್ರ ಇಟ್ಟುಕೊಳ್ಳಿ, ಕೊಟ್ಟವರು ಬರಹ ಓದಿ ಆರಿಸಿರುತ್ತಾರೆ.

ಆಮೇಲೆ ಕೇಳುವ ಪ್ರಶ್ನೆ: 'ಉನಾತುವಾಚಿಯಾ ನಿನಿ?' ನಮಗೇನು ಬಿಟ್ಟುಹೋಗುತ್ತೀ? ಸೈಕಲ್, ಫೋನು, ಬೂಟು, ರೇಡಿಯೋ ಎಲ್ಲದರ ಮೇಲೂ ಕಣ್ಣಿರುತ್ತದೆ, ಒಂದೇ ಸೈಕಲನ್ನು ಮೂವರಿಗೆ ಮಾತು ಕೊಟ್ಟ ಬ್ರದರ್‌ಗಳೂ ಇದ್ದಾರೆ. ಧರ್ಮಕೇಂದ್ರದ ಸ್ವತ್ತು ಯಾವುದು, ನಮ್ಮದು ಯಾವುದು ಎಂದು ಪಟ್ಟಿ ಮಾಡಿ, ನಮ್ಮದನ್ನು ಹೊರಡುವ ಹಿಂದಿನ ದಿನ ಉಪದೇಶಿಯ ಎದುರು ಹಂಚಬೇಕು. ಅದಕ್ಕಿಂತ ಮುಂಚೆ ಹಂಚಿದರೆ ಮನೆಬಾಗಿಲಲ್ಲಿ ಸಾಲು ನಿಲ್ಲುತ್ತದೆ. ಮತ್ತೆ ಬರುತ್ತೇನೆ ಎಂದು ಹೇಳುವುದು ಬಾಯಿಗೆ ಸಲೀಸು. ಎಲ್ಲಿಗೆ ಕಳಿಸುವುದೆಂದು ತೀರ್ಮಾನಿಸುವವರು ಬೇರೆಯವರು, ಆದ್ದರಿಂದ ಹೇಳಬೇಡಿ. 'ಒರಿಟಿ' (ಹೋಗಿಬರುತ್ತೇನೆ ಎನ್ನುವ ಹಾಗೆ ಲುವೊದ ವಿದಾಯದ ಮಾತು) ಎಂದು ಕೈ ಕುಲುಕಿದರೆ ಅವರಿಗೂ ಅರ್ಥವಾಗುತ್ತದೆ.

ಬ್ಯಾಗಿನಲ್ಲಿ ದೊಡ್ಡ ಅಪಾಯ ನಮ್ಮ ಕೃಷಿಕ ಬುದ್ಧಿ. ಅಡಿಕೆ ತೋಟದ ಮನೆಯಿಂದ ಹೋದವನಿಗೆ ಅಲ್ಲಿಯ ಬೆಣ್ಣೆಹಣ್ಣಿನ ಕಡ್ಡಿ, ಪ್ಯಾಶನ್ ಹಣ್ಣಿನ ಬೀಜ, ಹುರಿಯದ ಕಾಫಿ ಬೀಜ ಕಂಡರೆ ಕೈ ತುರಿಸುತ್ತದೆ. ಊರಿಂದ ಅಪ್ಪನೂ ಹೇಳಿರುತ್ತಾರೆ. ಸಸ್ಯ ಕ್ವಾರಂಟೈನ್ ನಿಯಮದ ಪ್ರಕಾರ ಪರವಾನಗಿ ಇಲ್ಲದೆ ಇವನ್ನು ತರುವಂತಿಲ್ಲ, ತರಲೂಬಾರದು. ಒಂದು ಹುಳ ಸಾಕು, ಕೊಡಗಿನವರೆಗೆ ನಡುಗುತ್ತದೆ. ಹುರಿದು ಪುಡಿ ಮಾಡಿದ ಕಾಫಿ ತನ್ನಿ, ಚಹಾ ತನ್ನಿ. ದಂತ, ಚರ್ಮ, ಶಂಖ, ಹವಳದಂಥ ವನ್ಯಜೀವಿಯ ವಸ್ತು ಯಾರು ಪ್ರೀತಿಯಿಂದ ಕೊಟ್ಟರೂ ಬೇಡ. 2017ರ ಆಗಸ್ಟಿನಿಂದ ಕೆನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ, ಚಪ್ಪಲಿ ಸುತ್ತಲು ಲೆಸೊ ಅಥವಾ ಹಳೆ ಪೇಪರು ಬಳಸಿ. ಅಂತರರಾಷ್ಟ್ರೀಯ ಟಿಕೆಟ್ಟಿನಲ್ಲಿ 23 ಕಿಲೋದ ಎರಡು ಪೆಟ್ಟಿಗೆ ಇದ್ದರೂ ಮುಂಬಯಿಯಿಂದ ಮಂಗಳೂರಿಗೆ ಬೇರೆ ಟಿಕೆಟ್ ತೆಗೆದಿದ್ದರೆ ಅಲ್ಲಿ ಸಾಮಾನ್ಯವಾಗಿ 15 ಕಿಲೋ. ಉಳಿದದ್ದಕ್ಕೆ ಕಿಲೋ ಲೆಕ್ಕದಲ್ಲಿ ದಂಡ. ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಹೊರಡುವ ನೇತ್ರಾವತಿ ಎಕ್ಸ್‌ಪ್ರೆಸ್ ಕಾಸರಗೋಡಿನಲ್ಲೇ ನಿಲ್ಲುತ್ತದೆ, ಥರ್ಡ್ ಎಸಿಯಲ್ಲಿ 40 ಕಿಲೋ ಉಚಿತ. ಲಗೇಜು ಹೆಚ್ಚಿದ್ದವರಿಗೆ ರೈಲೇ ಸರಿ. ಉಳಿದ ಶಿಲ್ಲಿಂಗನ್ನು ನೈರೋಬಿಯಲ್ಲೇ ಬದಲಿಸಿ, ಮಂಗಳೂರಿನಲ್ಲಿ ಅದನ್ನು ಕೊಳ್ಳುವವರನ್ನು ಹುಡುಕುತ್ತಾ ಅಲೆಯಬೇಕಾದೀತು.

ಮನೆ ಸೇರಿದರೂ ಒಂದು ಕೆಲಸ ಉಳಿದಿರುತ್ತದೆ. ಮಲೇರಿಯಾ ತಡೆಗೆ ಡಾಕ್ಸಿಸೈಕ್ಲಿನ್ ತಿನ್ನುತ್ತಿದ್ದವರು ಅಲ್ಲಿಂದ ಹೊರಟ ಮೇಲೂ 4 ವಾರ ದಿನಕ್ಕೊಂದರಂತೆ ಮುಂದುವರಿಸಬೇಕು. ಊರು ಬಂತಲ್ಲ ಎಂದು ಗಡಿಯ ತಲಪಾಡಿಯಲ್ಲೇ ಬಿಡುವವರಿದ್ದಾರೆ. ಸರೋವರದಲ್ಲಿ ಈಜಿದವರು, ಮೀನುಗಾರರ ಜೊತೆ ನೀರಿಗೆ ಇಳಿದವರು ಎರಡು ತಿಂಗಳ ಮೇಲೆ ಬಿಲ್‌ಹಾರ್ಜಿಯಾಕ್ಕೆ (ಅಂಥ ನೀರಿನಲ್ಲಿ ಚರ್ಮದ ಮೂಲಕ ಹೊಗುವ ಹುಳದ ರೋಗ) ರಕ್ತ, ಮೂತ್ರ ತೋರಿಸಿಕೊಳ್ಳಬೇಕು. ಹೊರಟು ಮೂರು ತಿಂಗಳೊಳಗೆ ಜ್ವರ ಬಂದರೆ ಡಾಕ್ಟರಿಗೆ ಮೊದಲ ಮಾತಿನಲ್ಲೇ ಕೆನ್ಯಾ ಎಂದು ಹೇಳಿ. ಕರಾವಳಿಗೆ ಮಲೇರಿಯಾ ಹೊಸತಲ್ಲ, ಆದರೆ ಮಂಗಳೂರಿನಲ್ಲಿ ಹೆಚ್ಚು ಕಾಣುವುದು ವೈವಾಕ್ಸ್ ಎಂಬ ಜಾತಿ. ಸರೋವರದ ದಂಡೆಯದ್ದು ಬಹುಪಾಲು ಫಾಲ್ಸಿಪಾರಂ, ಅದಕ್ಕೆ ಮದ್ದು ಬೇರೆ, ತಡವಾದರೆ ಜೀವಕ್ಕೆ ಕುತ್ತು. ಮೊದಲ ರಕ್ತಪರೀಕ್ಷೆ ನೆಗೆಟಿವ್ ಬಂದರೂ ಜ್ವರ ಇಳಿಯದಿದ್ದರೆ ಮರುದಿನ ಮತ್ತೆ, ಅದರ ಮರುದಿನ ಮತ್ತೆ ಮಾಡಿಸಬೇಕು. ಅಲ್ಲಿಂದ ಹೊರಟ ತಾರೀಕು, ತಿಂದ ಮಾತ್ರೆಯ ಹೆಸರು, ನಿಲ್ಲಿಸಿದ ತಾರೀಕು ಇವನ್ನು ಚೀಟಿಯಲ್ಲಿ ಬರೆದು ಆ ಹಳದಿ ಪುಸ್ತಕದೊಳಗೆ ಸಿಕ್ಕಿಸಿ, ಪುಸ್ತಕ ಎಲ್ಲಿದೆ ಎಂದು ಅಮ್ಮನಿಗೆ ತೋರಿಸಿಡಿ. ಜ್ವರ ಏರಿ ನಾಲಗೆ ತೊದಲುವಾಗ ಆಸ್ಪತ್ರೆಯಲ್ಲಿ ಉತ್ತರ ಕೊಡಬೇಕಾದವರು ಅವರೇ.